ಕಾರಿಬೂಗಳನ್ನು ನಂಬಿದ ಹಾರ್ನ್‌ಬಿ

೧೮೮೨ರ ಓವಲ್ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಏಳು ಓಟಗಳಿಂದ ಸೋತ ಇಂಗ್ಲೆಂಡ್ ತಂಡದ ನಾಯಕ ಎ. ಎನ್. ಹಾರ್ನ್‌ಬಿಯ ಹೆಸರನ್ನು ಕ್ರಿಕೆಟ್‌ಪ್ರಿಯ ವಾಚಕರು ಬಲ್ಲರು. ಅವನ ಮಗನೇ ಜಾನ್ ಹಾರ್ನ್‌ಬಿ. ಜನನ ೧೮೮೦. ಸಿರಿವಂತ ಮನೆಯ ಸುಖ ಅವನಿಗೆ ಹಿಡಿಸಲಿಲ್ಲ. ೧೯೦೪ರಲ್ಲಿ ಕೆನಡಾಕ್ಕೆ ತೆರಳಿದವನು, ಮರಗಳೇ ವಿರಳವಾದ ಅಲ್ಲಿನ ಉತ್ತರ ಸೀಮೆಗೆ ಮನಸೋತನು. ಮಹಾಯುದ್ಧದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪದಕ ಪಡೆದ ಮೇಲೂ ಮರಳಿದ್ದು ಅಲ್ಲಿಗೇ.

ಅಲ್ಲಿ ಬೆಳೆಯಿಲ್ಲ, ಅಂಗಡಿಯಿಲ್ಲ. ಕಾರಿಬೂ ಎಂಬ ಹಿಮದ ಜಿಂಕೆಗಳು ಬೇಸಿಗೆ ಮುಗಿಯುತ್ತಲೇ ಸಾವಿರಗಟ್ಟಲೆ ಹಿಂಡಾಗಿ ದಕ್ಷಿಣಕ್ಕೆ ಇಳಿಯುತ್ತವೆ. ಆಗ ಬೇಟೆಯಾಡಿ ಮಾಂಸ ಕೂಡಿಟ್ಟವನಿಗೆ ಚಳಿಗಾಲ ಕಳೆಯುತ್ತದೆ.

೧೯೨೬ರಲ್ಲಿ ಹಾರ್ನ್‌ಬಿ ತನ್ನ ಬಂಧು, ಹದಿನೆಂಟರ ಹುಡುಗ ಎಡ್ಗರ್ ಕ್ರಿಶ್ಚಿಯನ್‌ನನ್ನೂ ಹೆರಾಲ್ಡ್ ಅಡ್ಲಾರ್ಡ್ ಎಂಬ ತರುಣನನ್ನೂ ಕರೆದುಕೊಂಡು ಥೆಲಾನ್ ನದಿಯ ದಡ ಸೇರಿದನು. ಸ್ಥಳೀಯ ಮಾರ್ಗದರ್ಶಕನಿಲ್ಲ; ದಿನಸಿ ಅಲ್ಪ. ಹಿಂದೆಯೂ ಹಸಿದು ಬದುಕಿದ್ದೆನೆಂಬ ಧೈರ್ಯವೊಂದೇ. ಅವರು ಮರದ ಗುಡಿಸಲು ಕಟ್ಟುವಷ್ಟರಲ್ಲಿ ಹಿಂಡುಗಳು ದಾಟಿಹೋಗಿದ್ದವು. ಉಗ್ರಾಣ ನೋಡದೆ ಪಂಕ್ತಿಗೆ ಎಲೆ ಹಾಕಿದವನನ್ನು, ಹೋಟೆಲು ನಡೆಸಿ ಬಂದ ನಾವು ಶೂರನೆನ್ನಲಾರೆವು. ತನ್ನೊಬ್ಬನ ಹೊಟ್ಟೆಯಾಗಿದ್ದರೆ ಮಾತು ಬೇರೆ.

ಚರ್ಮ ಬೇಯಿಸಿದರು, ಎಲುಬು ಕುಟ್ಟಿ ತಿಂದರು. ೧೯೨೭ರ ಏಪ್ರಿಲಿನಲ್ಲಿ ಹಾರ್ನ್‌ಬಿ ತೀರಿಕೊಂಡನು. ಮೇ ತಿಂಗಳ ಮೊದಲಲ್ಲಿ ಅಡ್ಲಾರ್ಡ್. ಹುಡುಗನು ಇನ್ನೂ ಕೆಲವು ವಾರ ಒಬ್ಬನೇ ಜೀವ ಹಿಡಿದಿದ್ದು, ತನ್ನ ದಿನಚರಿಯನ್ನೂ ತಂದೆತಾಯಿಗಳಿಗೆ ಬರೆದ ಕಾಗದವನ್ನೂ ಆರಿದ ಒಲೆಯೊಳಗಿರಿಸಿ ಮಡಿದನು. ಪೋಲೀಸರು ಅಲ್ಲಿಗೆ ತಲುಪಿ ಅವನ್ನು ಹೊರತೆಗೆದುದು ೧೯೨೯ರಲ್ಲಿ.