ವೈಮಾನಿಕ ಸುರಂಜನ ದಾಸರು

ರಾಜಾಜಿನಗರ, ವಿಜಯನಗರ, ಕೆಂಗೇರಿಗಳಿಂದ ಕಾರ್ಯನಿಮಿತ್ತವಾಗಿ ನಗರದ ಪೂರ್ವಭಾಗಕ್ಕೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಹಳೆಯ ವಿಮಾನ ನಿಲ್ದಾಣದ ಬಳಿಯ ಸುರಂಜನ ದಾಸ್ ರಸ್ತೆಯನ್ನು ಕಂಡಿರಬಹುದು. ಆ ಹೆಸರಿನ ಮಹನೀಯರು ಯಾರೆಂಬುದನ್ನು ಬಲ್ಲವರು ವಿರಳ. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ದಾಸರು 1920ರಲ್ಲಿ ಬಂಗಾಳದ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದರು. ಇವರ ತಂದೆ ಸುಧಿರಂಜನ ದಾಸರು ಭಾರತದ ಮುಖ್ಯ ನ್ಯಾಯಾಧೀಶರ ಪದವಿಯನ್ನಲಂಕರಿಸಿದವರು. ಮಗನಾದರೋ ವಾಯುಸೇನೆಯನ್ನು ಸೇರಿ, ಇಂಗ್ಲೆಂಡಿನಲ್ಲಿ ಪರೀಕ್ಷಾ ವೈಮಾನಿಕರ ಶಿಕ್ಷಣವನ್ನು ಪಡೆದು, ಬೆಂಗಳೂರಿನ ವಿಮಾನ ಕಾರ್ಖಾನೆಯ ಮುಖ್ಯ ಪರೀಕ್ಷಾ ವೈಮಾನಿಕರಾದರು. ಹೊಸದಾಗಿ ನಿರ್ಮಿಸಿದ, ಇನ್ನೂ ಯಾರೂ ಹಾರಿಸದ ವಿಮಾನವನ್ನು ಮೊದಲು ಆಕಾಶಕ್ಕೇರಿಸಿ ಅದರ ಗುಣದೋಷಗಳನ್ನು ಅರಿಯುವುದೇ ಈ ವೃತ್ತಿಯ ಧರ್ಮ.

ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಶಿಲ್ಪಿಯ ನೇತೃತ್ವದಲ್ಲಿ ಇಲ್ಲಿ ರಚಿತವಾದ ‘ಮಾರುತ’ ಯುದ್ಧವಿಮಾನದ ಆಕಾರವನ್ನು 1959ರಲ್ಲಿ ಎಂಜಿನೇ ಇಲ್ಲದ ಮರದ ವಿಮಾನವೊಂದರಿಂದ ಮೊದಲು ಪರೀಕ್ಷಿಸಲಾಯಿತು. ಡಕೋಟಾ ವಿಮಾನವು ಅದನ್ನು ಎಳೆದೊಯ್ದು ಮೇಲೆ ಬಿಡುತ್ತಿದ್ದಿತು. ಅನಂತರ 1961ನೆಯ ಜೂನ್ 17ರಂದು ದಾಸರು ಎರಡು ಎಂಜಿನುಗಳ ನಿಜವಾದ ಮಾರುತವನ್ನು ಪ್ರಥಮ ಬಾರಿ ಹಾರಿಸಿದರು. 1964ನೆಯ ಸೆಪ್ಟೆಂಬರ್ 4ರಂದು ‘ಕಿರಣ’ವೆಂಬ ಶಿಕ್ಷಣ ವಿಮಾನವನ್ನೂ ಮೊದಲು ಮೇಲಕ್ಕೇರಿಸಿದವರು ಇವರೇ.

ವಿಮಾನವು ನೆಲವನ್ನು ಬಿಟ್ಟ ಮೊದಲ ಕೆಲವು ಕ್ಷಣಗಳೇ ಅತ್ಯಂತ ಅಪಾಯಕರವಾದುವು. ಆಗ ಎತ್ತರವೂ ಕಡಿಮೆ, ವೇಗವೂ ಕಡಿಮೆ. ಒಂದೇ ಎಂಜಿನಿನ ಸಣ್ಣ ವಿಮಾನದಲ್ಲಿ ಆ ಎಂಜಿನು ನಿಂತರೆ, ಮೂಗನ್ನು ಮೇಲೆತ್ತಿ ಎತ್ತರವನ್ನು ಉಳಿಸಿಕೊಳ್ಳಬೇಕೆಂದು ಕೈ ತವಕಿಸುತ್ತದೆ; ಬಿಟ್ಟುಬಂದ ನೆಲಕ್ಕೆ ಹಿಂದಿರುಗಬೇಕೆಂದು ಮನಸ್ಸು ಎಳೆಯುತ್ತದೆ. ಎರಡೂ ಮೃತ್ಯುವಿನ ಮಾರ್ಗಗಳು. ಮೂಗೆತ್ತಿದರೆ ವೇಗ ಕುಂದಿ ರೆಕ್ಕೆಗಳು ಗಾಳಿಯ ಆಧಾರವನ್ನು ಕಳೆದುಕೊಳ್ಳುವುವು. ತಿರುಗಿಸಿದರೆ ಓರೆಯಾದ ವಿಮಾನವು ಇದ್ದ ಎತ್ತರವನ್ನೂ ಬೇಗನೆ ಕಳೆದುಕೊಳ್ಳುವುದು. ಬಲ್ಲ ವೈಮಾನಿಕನು ಕೂಡಲೆ ಮೂಗನ್ನು ಇಳಿಸಿ, ವೇಗವನ್ನು ಕಾಪಾಡಿಕೊಂಡು, ನೇರವಾಗಿ ಎದುರಿಗೆ ಇಲ್ಲವೆ ಸ್ವಲ್ಪವೇ ಓರೆಯಾಗಿ ಕಾಣುವ ಬಯಲನ್ನು ಆರಿಸಿ, ಸಮಯವಿದ್ದರೆ ಇಂಧನವನ್ನು ನಿಲ್ಲಿಸಿ ಇಳಿಯುವನು. ವಿಮಾನವು ಹಾಳಾದರೂ ಜೀವವು ಉಳಿಯಬಹುದು. ಇಷ್ಟನ್ನೂ ಅವನು ನೆಲದ ಮೇಲಿರುವಾಗಲೇ ನಿಶ್ಚಯಿಸಿಕೊಂಡಿರಬೇಕು. ಎಂಜಿನು ನಿಂತ ಮೇಲೆ ಆಲೋಚನೆಗೆ ಅವಕಾಶವಿಲ್ಲ.

ಮಾರುತದ ಎಂಜಿನುಗಳ ಬಲವು ಅದರ ಸುಂದರವಾದ ದೇಹಕ್ಕೆ ಸಾಲದಾಗಿದ್ದಿತು. ಆ ಬಲವನ್ನು ಹೆಚ್ಚಿಸಲೆಂದು ಮಾರ್ಪಡಿಸಿದ ವಿಮಾನವನ್ನು ಪರೀಕ್ಷಿಸಲು 1970ನೆಯ ಜನವರಿ 10ರಂದು ದಾಸರು ಹೊರಟರು. ನೆಲವನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ವಿಮಾನವು ಬಿದ್ದಿತು. ದಾಸರು ಪ್ರಾಣವನ್ನು ತೆತ್ತರು. ಆ ಕ್ಷಣಗಳ ಅಪಾಯವನ್ನು ಅವರಿಗಿಂತ ಚೆನ್ನಾಗಿ ಅರಿತವರು ದೇಶದಲ್ಲಿ ಬಹಳ ಮಂದಿ ಇರಲಿಲ್ಲ. ಸಿದ್ಧತೆಯು ಅಪಾಯವನ್ನು ತಗ್ಗಿಸುವುದೇ ಹೊರತು ಇಲ್ಲದಂತೆ ಮಾಡಲಾರದು. ಇದನ್ನು ತಿಳಿದೂ ಅವರು ಕರ್ತವ್ಯಕ್ಕೆ ಹಿಂಜರಿಯಲಿಲ್ಲ. ಸರ್ಕಾರವು ಅದೇ ವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಅವರ ಶ್ರಮವು ವ್ಯರ್ಥವಾಗಲಿಲ್ಲ. 1971ರ ಯುದ್ಧದಲ್ಲಿ ಮಾರುತಗಳು ಕನಿಷ್ಠ ಮೂರು ಬಾರಿ, ಶತ್ರುಗಳ ಗುಂಡಿನಿಂದ ಒಂದು ಎಂಜಿನು ಕೆಟ್ಟರೂ, ಉಳಿದ ಒಂದರಿಂದಲೇ ವೈಮಾನಿಕರನ್ನು ಕ್ಷೇಮವಾಗಿ ನೆಲೆಗೆ ತಂದುವು. ಕಿರಣದಲ್ಲಿ ದಶಕಗಳ ಕಾಲ ತರುಣರು ಹಾರಾಟವನ್ನು ಕಲಿತರು.

ನಮ್ಮ ಬಾಲಿಕೆಯರೂ ಇಂದು ವಿಮಾನವನ್ನು ನಡೆಸಬಲ್ಲರು. ನಡೆಸದವರಿಗೂ ಜೀವನದಲ್ಲಿ ಆಸರೆಯು ಫಕ್ಕನೆ ನಿಲ್ಲುವ ಗಳಿಗೆಯು ಬಾರದಿರದು. ಆಗ ಬಿಟ್ಟುಬಂದುದಕ್ಕಾಗಿ ಹಂಬಲಿಸದೆ, ಎದುರಿಗಿರುವ ನೆಲವನ್ನು ಶಾಂತಚಿತ್ತದಿಂದ ನೋಡುವ ಅಭ್ಯಾಸವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಮುಂಚಿತವಾಗಿಯೇ ಮಾಡಿಸಬೇಕೆಂದು ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ.