ಅಮೂಲ್ಯ ಕೆ. ಎನ್. ರೆಡ್ಡಿ

ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ (21 ಅಕ್ಟೋಬರ್ 1930 – 7 ಮೇ 2006) ಕರ್ನಾಟಕದ ವಿಜ್ಞಾನಿ, ವಿದ್ಯುದ್ರಸಾಯನ ತಜ್ಞ ಹಾಗೂ ಇಂಧನ ನೀತಿಯ ಚಿಂತಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಸ್ಥಾಪಕರೆಂದು ಇವರು ಪ್ರಸಿದ್ಧರು. ಹೊಗೆ ಕಡಿಮೆ ಮಾಡುವ ಒಲೆ, ಸಮುದಾಯ ಜೈವಿಕ ಅನಿಲ ಸ್ಥಾವರ, ಸುಡದ ಮಣ್ಣಿನ ಇಟ್ಟಿಗೆ ಮತ್ತು ಸಿಮೆಂಟಿನ ಬಳಕೆಯನ್ನು ತಗ್ಗಿಸುವ ಕಟ್ಟಡ ವಿಧಾನಗಳು ಈ ಕೇಂದ್ರದಲ್ಲಿ ರೂಪುಗೊಂಡವು.

ಜೀವನ ಮತ್ತು ಶಿಕ್ಷಣ

ರೆಡ್ಡಿಯವರು ಬೆಂಗಳೂರಿನಲ್ಲಿ ಜನಿಸಿದರು. ಅಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟ್ ಪದವಿ ಪಡೆದರು. ಬಳಿಕ ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿಯೂ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿಯೂ ಸಂಶೋಧನೆ ನಡೆಸಿದರು. ಪೆನ್ಸಿಲ್ವೇನಿಯಾದಲ್ಲಿ ಜಾನ್ ಬೋಕ್ರಿಸ್ ಅವರೊಡನೆ ಕೂಡಿ ಬರೆದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' ಗ್ರಂಥವು 1970ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದು ದೀರ್ಘಕಾಲ ಪಠ್ಯಗ್ರಂಥವಾಗಿತ್ತು. 1966ರಲ್ಲಿ ತಾಯ್ನಾಡಿಗೆ ಮರಳಿದ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, 1991ರಲ್ಲಿ ನಿವೃತ್ತರಾಗುವವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು.

ಅಸ್ತ್ರ ಕೇಂದ್ರದ ಸ್ಥಾಪನೆ

1970ರ ದಶಕದ ಆರಂಭದಲ್ಲಿ ರೆಡ್ಡಿಯವರ ಆಸಕ್ತಿ ವಿದ್ಯುದ್ರಸಾಯನದಿಂದ ಗ್ರಾಮೀಣ ತಂತ್ರಜ್ಞಾನದ ಕಡೆಗೆ ತಿರುಗಿತು. ದೇಶದ ವಿಜ್ಞಾನ ಸಂಸ್ಥೆಗಳ ಸಂಶೋಧನೆಯು ನಗರದ ಅನುಕೂಲಸ್ಥರ ಅಗತ್ಯಗಳನ್ನಷ್ಟೇ ಪೂರೈಸುತ್ತಿದೆ, ಬಹುಸಂಖ್ಯಾತ ಹಳ್ಳಿಗರನ್ನು ಅದು ಮುಟ್ಟುತ್ತಿಲ್ಲ ಎಂಬುದು ಅವರ ನಿಲುವಾಗಿತ್ತು. ಅತ್ಯಂತ ಬಡವರಿಂದ ಮೊದಲುಗೊಂಡು ಎಲ್ಲರ ಮೂಲಭೂತ ಅಗತ್ಯಗಳ ಪೂರೈಕೆ, ಸ್ವಾವಲಂಬನೆ ಮತ್ತು ಪರಿಸರದೊಡನೆ ಸಾಮರಸ್ಯ ಎಂಬ ಮೂರು ಅಂಶಗಳನ್ನು ಅವರು ಅಭಿವೃದ್ಧಿಯ ಲಕ್ಷಣಗಳೆಂದು ಗುರುತಿಸಿದರು.

ಈ ಚಿಂತನೆಯ ಫಲವಾಗಿ 1974ರಲ್ಲಿ, ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನದ ಅನ್ವಯವನ್ನು ಉದ್ದೇಶವಾಗಿಟ್ಟುಕೊಂಡ ಅಸ್ತ್ರ ಘಟಕವು ಜನ್ಮ ತಾಳಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಈ ಪದಕ್ಕೆ ಕನ್ನಡದಲ್ಲಿಯೂ ಅರ್ಥವಿರುವುದು ವಿಶೇಷ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣಾ ಕೇಂದ್ರವನ್ನು ತೆರೆಯಲಾಯಿತು. ಆ ಭಾಗದ ಆರು ಹಳ್ಳಿಗಳಲ್ಲಿ ನಡೆಸಿದ ಇಂಧನ ಸಮೀಕ್ಷೆಯಿಂದ, ಹಳ್ಳಿಯ ಇಂಧನದ ಬಹುಪಾಲು ಸೌದೆಯೇ ಎಂಬುದೂ, ಅದನ್ನು ಆಯ್ದು ತರುವ ಹೊರೆ ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳ ಮೇಲೆ ಬೀಳುತ್ತದೆ ಎಂಬುದೂ ಸ್ಪಷ್ಟವಾಯಿತು. ಅಸ್ತ್ರ ಒಲೆ ಮತ್ತು ಪುರ ಗ್ರಾಮದ ಸಮುದಾಯ ಜೈವಿಕ ಅನಿಲ ಸ್ಥಾವರಗಳ ಹಿಂದೆ ಈ ಬಗೆಯ ಅಧ್ಯಯನಗಳಿದ್ದವು.

ಸಿಮೆಂಟ್ ಮತ್ತು ಕಾಂಕ್ರೀಟಿನ ಬಳಕೆ ತಗ್ಗಿಸುವ ಪ್ರಯತ್ನ

ಅಸ್ತ್ರ ಆರಂಭವಾದ ಕಾಲದಲ್ಲಿ ಭಾರತದಲ್ಲಿ ಸಿಮೆಂಟ್ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟ ವಿರಳ ವಸ್ತುವಾಗಿತ್ತು. 1982ರಲ್ಲಷ್ಟೇ ಆ ನಿಯಂತ್ರಣ ಭಾಗಶಃ ಸಡಿಲಗೊಂಡಿತು. ಸುಟ್ಟ ಇಟ್ಟಿಗೆಯ ಗೂಡುಗಳು ಅಪಾರ ಸೌದೆಯನ್ನು ನುಂಗುತ್ತಿದ್ದವು. ಹೀಗಾಗಿ ಅಗ್ಗದ, ಸ್ಥಳೀಯವಾದ, ಕಡಿಮೆ ಇಂಧನ ಬೇಡುವ ಕಟ್ಟಡ ಸಾಮಗ್ರಿಯ ಹುಡುಕಾಟವು ಕೇಂದ್ರದ ಮುಖ್ಯ ಕೆಲಸಗಳಲ್ಲೊಂದಾಯಿತು. ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕ ಕೆ. ಎಸ್. ಜಗದೀಶ್ ಈ ವಿಭಾಗದ ನೇತೃತ್ವ ವಹಿಸಿದರು, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಸಂಶೋಧನೆಯನ್ನು ಮುಂದುವರಿಸಿದರು.

ಸ್ಥಿರೀಕೃತ ಮಣ್ಣಿನ ಇಟ್ಟಿಗೆಯು ಈ ಕೆಲಸದ ಪ್ರಮುಖ ಫಲ. ಮರಳಿನ ಅಂಶ ಹೆಚ್ಚಿರುವ ಮಣ್ಣಿಗೆ ಸಾಮಾನ್ಯವಾಗಿ ಶೇಕಡಾ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ಇಟ್ಟಿಗೆ ತಯಾರಿಸಲಾಗುತ್ತದೆ. ಅದನ್ನು ಸುಡುವುದಿಲ್ಲ, ಸುಮಾರು ಮೂರು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿದರೆ ಸಾಕು. ಜೇಡಿಯ ಅಂಶ ಹೆಚ್ಚಿರುವ ಎರೆಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ, ಅದಕ್ಕೆ ಮರಳನ್ನೂ ಸುಣ್ಣವನ್ನೂ ಸೇರಿಸಬೇಕಾಗುತ್ತದೆ. ಎರೆ ಮತ್ತು ಮಸಾರಿ ಎರಡೂ ಬಗೆಯ ಭೂಮಿಯಿರುವ ಗದಗ ಜಿಲ್ಲೆಯಂತಹ ಪ್ರದೇಶಗಳಲ್ಲಿ ಮಣ್ಣಿನ ಪರೀಕ್ಷೆಯಿಲ್ಲದೆ ಒಂದೇ ಮಿಶ್ರಣವನ್ನು ಎಲ್ಲೆಡೆ ಬಳಸಲಾಗದು.

ಇದರ ಜೊತೆಗೆ ಇನ್ನೂ ಕೆಲವು ವಿಧಾನಗಳನ್ನು ಅಭ್ಯಸಿಸಲಾಯಿತು:

- ಹೊರೆ ಹೊರುವ ಗೋಡೆಗಳು: ಎರಡು ಮೂರು ಅಂತಸ್ತಿನ ಮನೆಗಳಿಗೆ ಕಾಂಕ್ರೀಟಿನ ಕಂಬ ಮತ್ತು ತೊಲೆಗಳ ಚೌಕಟ್ಟಿನ ಬದಲು ಗೋಡೆಗಳೇ ಭಾರ ಹೊರುವಂತೆ ಕಟ್ಟುವುದು.
- ಫಿಲ್ಲರ್ ಸ್ಲ್ಯಾಬ್: ಚಾವಣಿಯ ಕೆಳಭಾಗದಲ್ಲಿರುವ ಕಾಂಕ್ರೀಟ್ ಎಳೆತವನ್ನು ತಾಳುವುದಿಲ್ಲ, ಆ ಕೆಲಸವನ್ನು ಉಕ್ಕಿನ ಸರಳುಗಳು ಮಾಡುತ್ತವೆ. ಆದ್ದರಿಂದ ಆ ಭಾಗದಲ್ಲಿ ಹೆಂಚು ಅಥವಾ ಮಣ್ಣಿನ ಇಟ್ಟಿಗೆಗಳನ್ನು ತುಂಬಿ ಕಾಂಕ್ರೀಟನ್ನು ಉಳಿಸುವುದು.
- ಸುಣ್ಣ ಮತ್ತು ಪೊಜೊಲಾನಾ ಸಿಮೆಂಟ್: ಸುಣ್ಣಕ್ಕೆ ಸುರ್ಕಿಯಂತಹ ವಸ್ತುವನ್ನು ಅರೆದು ಬೆರೆಸಿ, ಗಾರೆ ಮತ್ತು ಗಿಲಾವಿಗೆ ಬಳಸುವುದು. ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟನ್ನು ಸುರ್ಕಿ ಗಾರೆಯಿಂದ ಕಟ್ಟಿರುವುದು ಈ ಪರಂಪರೆಗೆ ದೊಡ್ಡ ನಿದರ್ಶನ.

ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸಬೇಕಾಗುತ್ತದೆ. ಉರಿಸುವ ಇಂಧನದಿಂದ ಮಾತ್ರವಲ್ಲದೆ, ಸುಣ್ಣಕಲ್ಲು ವಿಭಜನೆಗೊಳ್ಳುವಾಗಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಎರಡನೆಯದೇ ಹೆಚ್ಚಿನ ಪಾಲು. ಒಲೆಯ ಇಂಧನವನ್ನು ಬದಲಿಸಿದರೂ ಈ ಪಾಲು ಉಳಿಯುವುದರಿಂದ, ಸಿಮೆಂಟನ್ನೇ ಮಿತವಾಗಿ ಬಳಸುವ ವಿಧಾನಗಳಿಗೆ ಮಹತ್ವವಿದೆ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟಡದ ಪ್ರತಿ ಚದರ ಮೀಟರಿಗೆ ಸಾಮಗ್ರಿಗಳಲ್ಲಿ ಅಡಗಿರುವ ಶಕ್ತಿಯನ್ನು ಲೆಕ್ಕಹಾಕಲಾಗಿದೆ. ಅದರಂತೆ ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಸುಮಾರು 4.2 ಗಿಗಾಜೂಲ್, ಸುಟ್ಟ ಇಟ್ಟಿಗೆಯ ಹೊರೆ ಹೊರುವ ಗೋಡೆಗಳ ಕಟ್ಟಡಕ್ಕೆ 2.9 ಮತ್ತು ಮಣ್ಣಿನ ಇಟ್ಟಿಗೆಯಂತಹ ಪರ್ಯಾಯ ಸಾಮಗ್ರಿಗಳ ಕಟ್ಟಡಕ್ಕೆ 1.6 ಗಿಗಾಜೂಲ್ ಬೇಕಾಗುತ್ತದೆ.

ಇಂಧನ ನೀತಿ

ರೆಡ್ಡಿಯವರು ಬ್ರೆಜಿಲ್‌ನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್ ಮತ್ತು ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರೊಡನೆ 'ಎನರ್ಜಿ ಫಾರ್ ಎ ಸಸ್ಟೈನಬಲ್ ವರ್ಲ್ಡ್' (1988) ಗ್ರಂಥವನ್ನು ರಚಿಸಿದರು. ದಕ್ಷ ತಂತ್ರಜ್ಞಾನವನ್ನು ಬಳಸಿದರೆ ತಲಾ ಸರಾಸರಿ ಒಂದು ಕಿಲೋವ್ಯಾಟ್ ಶಕ್ತಿಯಿಂದಲೇ ಹಿಂದುಳಿದ ದೇಶಗಳ ಜನರಿಗೆ 1970ರ ದಶಕದ ಪಶ್ಚಿಮ ಯುರೋಪಿನ ಮಟ್ಟದ ಜೀವನವನ್ನು ಒದಗಿಸಬಹುದೆಂದು ಈ ನಾಲ್ವರು ಪ್ರತಿಪಾದಿಸಿದರು. ಶಕ್ತಿಯ ಉತ್ಪಾದನೆಗಿಂತ ಅದರಿಂದ ಜನರಿಗೆ ದೊರೆಯುವ ಬೆಳಕು, ಅಡುಗೆ, ನೀರು ಮುಂತಾದ ಸೇವೆಗಳೇ ಮುಖ್ಯ ಎಂಬುದು ಇದರ ತಿರುಳು. ಇದೇ ತತ್ತ್ವವನ್ನು ಆಧರಿಸಿ ಕರ್ನಾಟಕದ ವಿದ್ಯುತ್ ಬೇಡಿಕೆಯ ಬಗ್ಗೆ ಅವರು ಸಹೋದ್ಯೋಗಿಗಳೊಡನೆ 'ಡಿಫೆಂಡಸ್' ಎಂಬ ಪರ್ಯಾಯ ಯೋಜನೆಯನ್ನು ರೂಪಿಸಿದರು. 1991ರಲ್ಲಿ ಅಂತರರಾಷ್ಟ್ರೀಯ ಇಂಧನ ಉಪಕ್ರಮ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಣುಶಕ್ತಿಯ ಆರ್ಥಿಕ ಲೆಕ್ಕಾಚಾರವನ್ನು ಪ್ರಶ್ನಿಸಿದ ಅವರು ಅಣ್ವಸ್ತ್ರಗಳನ್ನೂ ವಿರೋಧಿಸಿದರು. 2000ನೇ ಸಾಲಿನ ವೋಲ್ವೋ ಪರಿಸರ ಪ್ರಶಸ್ತಿಯು ಗ್ರಂಥದ ನಾಲ್ವರು ಲೇಖಕರಿಗೆ ಸಂದಿತು.

ಪ್ರಭಾವ ಮತ್ತು ಮಿತಿಗಳು

ಅಸ್ತ್ರ ಕೇಂದ್ರವು ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಎಂಬ ಹೆಸರನ್ನು ಪಡೆಯಿತು. ಹಳ್ಳಿಯ ಬಡವರನ್ನು ಕಣ್ಣಮುಂದಿಟ್ಟುಕೊಂಡು ರೂಪಿಸಿದ ಮಣ್ಣಿನ ಇಟ್ಟಿಗೆಯನ್ನು ಬೆಂಗಳೂರಿನ ಮಧ್ಯಮ ವರ್ಗದವರೂ ವಾಸ್ತುಶಿಲ್ಪಿಗಳೂ ಉತ್ಸಾಹದಿಂದ ಸ್ವೀಕರಿಸಿದರು. ಆದರೆ ಹಳ್ಳಿಗಳಲ್ಲಿ ಮಣ್ಣಿನ ಮನೆ ಬಡತನದ ಗುರುತಾಗಿಯೂ, ಆರ್‌ಸಿಸಿ ಮನೆ ಏಳಿಗೆಯ ಗುರುತಾಗಿಯೂ ಉಳಿಯಿತು. ಸಿಮೆಂಟ್ ನಿಯಂತ್ರಣದಿಂದ ಮುಕ್ತವಾಗಿ ಊರೂರಿನ ಅಂಗಡಿಗಳಲ್ಲಿ ದೊರೆಯತೊಡಗಿದ ಮೇಲೆ, ಮಣ್ಣಿನ ಪರೀಕ್ಷೆ ಮತ್ತು ನುರಿತ ಗೌಂಡಿಗಳನ್ನು ಬೇಡುವ ಪರ್ಯಾಯ ವಿಧಾನಗಳ ಹರಡುವಿಕೆ ಕಷ್ಟವಾಯಿತು. ತಂತ್ರಜ್ಞಾನ ಉತ್ತಮವಾಗಿದ್ದ ಮಾತ್ರಕ್ಕೆ ಅದು ಬಡವರನ್ನು ತಲುಪುವುದಿಲ್ಲ ಎಂಬ ಈ ಪಾಠವು ಅಸ್ತ್ರದ ಅನುಭವದಿಂದ ದೊರೆತ ಮುಖ್ಯ ತಿಳಿವಳಿಕೆಗಳಲ್ಲೊಂದು.

ನಿಧನ

ರೆಡ್ಡಿಯವರು 2006ರ ಮೇ 7ರಂದು ಬೆಂಗಳೂರಿನಲ್ಲಿ ನಿಧನರಾದರು. ಮರುವರ್ಷ ಜಗದೀಶ್, ವೆಂಕಟರಾಮ ರೆಡ್ಡಿ ಮತ್ತು ನಂಜುಂಡ ರಾವ್ ಬರೆದ ಪರ್ಯಾಯ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನಗಳ ಕುರಿತ ಇಂಗ್ಲಿಷ್ ಪಠ್ಯಪುಸ್ತಕವು ಪ್ರಕಟವಾಯಿತು. ಅಸ್ತ್ರದಲ್ಲಿ ಆರಂಭವಾದ ಈ ವಿಷಯವು ಇಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪಠ್ಯದ ಭಾಗವಾಗಿದೆ.