ನ್ಯಾಯಮೂರ್ತಿ ಜಾನ್ ಮಾರ್ಷಲ್

ಅಮೆರಿಕ ಸಂಯುಕ್ತ ಸಂಸ್ಥಾನಗಳ ರಾಜ್ಯಪದ್ಧತಿಯ ಪ್ರಸ್ತಾಪ ಬಂದಾಗ ನಮ್ಮವರು ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಈ ಮೂವರನ್ನು ಸ್ಮರಿಸುವುದು ವಾಡಿಕೆ. ಆ ರಾಜ್ಯದ ಮೂರನೆಯ ಅಂಗವಾದ ನ್ಯಾಯಸ್ಥಾನವನ್ನು ಉಳಿದೆರಡರ ಸಮಕ್ಕೆ ತಂದು ನಿಲ್ಲಿಸಿದ ಮಹನೀಯನ ಹೆಸರು ಮಾತ್ರ ವಕೀಲರ ಕೊಠಡಿಯನ್ನು ದಾಟಿ ಹೊರಬಂದದ್ದು ಕಡಮೆ. ಆತನ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಜಾನ್ ಮಾರ್ಷಲನು 1755ನೆಯ ಇಸವಿ ಸೆಪ್ಟೆಂಬರ್ 24ರಂದು ವರ್ಜೀನಿಯಾದಲ್ಲಿ, 15 ಮಂದಿ ಮಕ್ಕಳಲ್ಲಿ ಹಿರಿಯನಾಗಿ ಜನಿಸಿದನು. ಸ್ವಾತಂತ್ರ್ಯಯುದ್ಧದಲ್ಲಿ ವಾಷಿಂಗ್ಟನನ ದಂಡಿಗೆ ಸೇರಿ 1777-78ರ ಚಳಿಗಾಲವನ್ನು ವ್ಯಾಲಿ ಫೋರ್ಜಿನ ಪಾಳೆಯದಲ್ಲಿ ಕಳೆದನು. ಸೈನಿಕರಿಗೆ ಹೊಟ್ಟೆಗಿಲ್ಲ, ಬಟ್ಟೆಗಿಲ್ಲ. ವೆಚ್ಚವನ್ನು ಒದಗಿಸಬೇಕಾದ ಸಂಸ್ಥಾನಗಳು ಒಂದರ ಮುಖವನ್ನೊಂದು ನೋಡುತ್ತಿದ್ದವು. ಬಲವಿಲ್ಲದ ಕೇಂದ್ರದಿಂದ ಏನಾಗುವುದೆಂಬ ಪಾಠ ಆತನಿಗೆ ಅಲ್ಲಿಯೇ ಆಯಿತು. ನ್ಯಾಯಶಾಸ್ತ್ರದ ಪಾಠವನ್ನು ಗುರುಮುಖದಿಂದ ಕೇಳಿದ್ದಾದರೋ 1780ರಲ್ಲಿ, ಅದೂ ಕೆಲವೇ ವಾರಗಳು.

1787ರಲ್ಲಿ ರಚಿತವಾದ ರಾಜ್ಯಘಟನೆಯು ಅಧಿಕಾರವನ್ನು ಮೂರು ಕೈಗಳಿಗೆ ಹಂಚಿತು. ಕಾನೂನು ಮಾಡುವುದು ಕಾಂಗ್ರೆಸ್ಸು, ನಡೆಸುವವನು ಅಧ್ಯಕ್ಷ, ತೀರ್ಪು ಹೇಳುವುದು ನ್ಯಾಯಸ್ಥಾನ. ಅಧ್ಯಕ್ಷನು ಮಸೂದೆಯನ್ನು ತಿರಸ್ಕರಿಸಬಹುದು. ಎರಡೂ ಸಭೆಗಳು ಮೂರರಲ್ಲಿ ಎರಡು ಪಾಲು ಮತದಿಂದ ಆ ತಿರಸ್ಕಾರವನ್ನು ಮೀರಬಹುದು. ನ್ಯಾಯಾಧೀಶನನ್ನು ಅಧ್ಯಕ್ಷನು ಆರಿಸಿದರೆ ಸೆನೆಟ್ ಸಭೆ ಒಪ್ಪಬೇಕು. ಒಪ್ಪಿದ ಮೇಲೆ ಸನ್ನಡತೆಯಿರುವವರೆಗೆ ಆತನನ್ನು ತೆಗೆಯುವಂತಿಲ್ಲ, ಸಂಬಳವನ್ನು ಕಡಮೆ ಮಾಡುವಂತಿಲ್ಲ. ಇಷ್ಟೆಲ್ಲವೂ ಬರೆದಿತ್ತು. ಆದರೆ ಕಾಂಗ್ರೆಸ್ಸೇ ಘಟನೆಯನ್ನು ಮೀರಿ ಕಾನೂನು ಮಾಡಿದರೆ ಅದನ್ನು ಅಸಿಂಧುವೆಂದು ಸಾರುವವರು ಯಾರೆಂಬುದು ಸ್ಪಷ್ಟವಾಗಿ ಬರೆದಿರಲಿಲ್ಲ.

1801ರಲ್ಲಿ ಮುಖ್ಯ ನ್ಯಾಯಾಧೀಶನ ಪದವಿಗೆ ಅಂತಹ ಘನತೆಯೇನೂ ಇರಲಿಲ್ಲ. ಹಿಂದೊಮ್ಮೆ ಆ ಪೀಠದಲ್ಲಿದ್ದ ಜಾನ್ ಜೇ ಎಂಬಾತನು ಅದನ್ನು ಪುನಃ ಕೊಟ್ಟರೂ ಬೇಡವೆಂದನು. ಹೊಸ ರಾಜಧಾನಿಯಲ್ಲಿ ಕೋರ್ಟಿಗೆ ಸ್ವಂತ ಕಟ್ಟಡವೂ ಇರಲಿಲ್ಲ; ಶಾಸನಸಭೆಯ ಕಟ್ಟಡದಲ್ಲಿ ಒಂದು ಕೊಠಡಿಯನ್ನು ಬಿಟ್ಟುಕೊಟ್ಟಿದ್ದರು. ಚುನಾವಣೆಯಲ್ಲಿ ಸೋತು ಪದವಿ ಬಿಡಲಿದ್ದ ಅಧ್ಯಕ್ಷ ಆಡಮ್ಸನು ತನ್ನ ಮಂತ್ರಿಯಾಗಿದ್ದ ಮಾರ್ಷಲನನ್ನೇ ಅಲ್ಲಿಗೆ ನೇಮಿಸಿದನು.

ಆಡಮ್ಸನು ಕಡೆಯ ಗಳಿಗೆಯಲ್ಲಿ ತನ್ನ ಪಕ್ಷದವರಿಗೆ ಅನೇಕ ಉದ್ಯೋಗಗಳನ್ನು ಕೊಟ್ಟನು. ವಿಲಿಯಂ ಮಾರ್ಬರಿಗೆ 5 ವರ್ಷಗಳ ಮ್ಯಾಜಿಸ್ಟ್ರೇಟ್ ಪದವಿ. ಸನ್ನದಿಗೆ ರುಜುವಾಯಿತು, ಮುದ್ರೆ ಬಿದ್ದಿತು, ಮಾರ್ಬರಿಯ ಕೈಸೇರಲಿಲ್ಲ. ಹೊಸ ಅಧ್ಯಕ್ಷ ಜೆಫರ್ಸನನು ಅದನ್ನು ತಡೆದನು. ಮಾರ್ಬರಿಯು ನೇರವಾಗಿ ಸುಪ್ರೀಂ ಕೋರ್ಟಿಗೆ ದೂರು ಕೊಟ್ಟನು. ಸನ್ನದಿಗೆ ಮುದ್ರೆ ಒತ್ತಿ ಕಳುಹಿಸದೆ ಉಳಿದವನು ಆಗ ಮಂತ್ರಿಯಾಗಿದ್ದ ಮಾರ್ಷಲನೇ! ಇಂದಾಗಿದ್ದರೆ ಆತನು ಆ ಪೀಠದಲ್ಲಿ ಕೂರುವುದು ಸಲ್ಲದೆಂದು ನಾವೇ ಬರೆಯುತ್ತಿದ್ದೆವು.

ಸಂಕಟ ಸಾಮಾನ್ಯವಾದುದಲ್ಲ. ಸನ್ನದು ಕೊಡೆಂದು ಆಜ್ಞೆ ಮಾಡಿದರೆ ಜೆಫರ್ಸನನು ಕೇಳನು; ಕೋರ್ಟು ನಗೆಗೀಡಾಗುವುದು. ಮಾಡದಿದ್ದರೆ ಹೆದರಿತೆಂಬ ಮಾತು. 1803ರ ಫೆಬ್ರವರಿ 24ರಂದು ಮಾರ್ಷಲನು ಹೇಳಿದ ತೀರ್ಪು ಇದು: ಮಾರ್ಬರಿಗೆ ಹಕ್ಕುಂಟು, ಸನ್ನದನ್ನು ತಡೆದದ್ದು ಅನ್ಯಾಯ. ಆದರೆ ಇಂತಹ ದೂರನ್ನು ಮೊದಲಿಗೇ ಕೇಳುವ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಕೊಟ್ಟ 1789ರ ಕಾನೂನಿನ ಕಲಮು ಘಟನೆಗೆ ವಿರುದ್ಧವಾದುದು, ಆದುದರಿಂದ ಅದು ಶೂನ್ಯ. ಜೆಫರ್ಸನನಿಗೆ ಮೀರುವುದಕ್ಕೆ ಆಜ್ಞೆಯೇ ಇರಲಿಲ್ಲ. ಒಂದು ಸಣ್ಣ ಅಧಿಕಾರವನ್ನು ಬೇಡವೆಂದು ಕೋರ್ಟು, ಕಾಂಗ್ರೆಸ್ಸಿನ ಕಾನೂನನ್ನೇ ರದ್ದುಮಾಡುವ ಅಧಿಕಾರವನ್ನು ತನ್ನದಾಗಿಸಿಕೊಂಡಿತು. ಪಾಪ, ಮಾರ್ಬರಿಗೆ ಉದ್ಯೋಗ ಸಿಕ್ಕಲಿಲ್ಲ.

ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿನ ಶಾಸನವನ್ನು ಯಾವ ಕೋರ್ಟೂ ರದ್ದುಮಾಡದು. ನಮ್ಮ ಸಂವಿಧಾನವು ಮಾರ್ಷಲನ ದಾರಿಯನ್ನು ಹಿಡಿದು 13ನೆಯ ಅನುಚ್ಛೇದದಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದೆ. ಆದರೂ 1947ರಲ್ಲಿ ಮಂಗಳೂರಿನವರಾದ ಸರ್ ಬೆನೆಗಲ್ ನರಸಿಂಗರಾಯರು ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡಾಗ, ಈ ಅಧಿಕಾರವು ಅತಿಯಾದರೆ ಪ್ರಜಾಪ್ರಭುತ್ವಕ್ಕೆ ತೊಡಕೆಂಬ ಎಚ್ಚರಿಕೆ ಅಲ್ಲಿಂದಲೇ ದೊರೆಯಿತು.

ಮಾರ್ಷಲನು ಈ ಅಸ್ತ್ರವನ್ನು ಕಾಂಗ್ರೆಸ್ಸಿನ ಮೇಲೆ ಮತ್ತೆ ಎತ್ತಲಿಲ್ಲ. 1819ರಲ್ಲಿ ಮೇರಿಲ್ಯಾಂಡ್ ಸಂಸ್ಥಾನವು ಕೇಂದ್ರದ ಬ್ಯಾಂಕಿನ ಮೇಲೆ ತೆರಿಗೆ ಹಾಕಿದಾಗ, ಅಂಗಕ್ಕೆ ಇಡೀ ದೇಹದ ಮೇಲೆ ಅಂತಹ ಹಕ್ಕಿಲ್ಲವೆಂದು ತೀರ್ಮಾನಿಸಿದನು. 1824ರಲ್ಲಿ ನ್ಯೂಯಾರ್ಕಿನ ಉಗಿಹಡಗುಗಳ ಏಕಸ್ವಾಮ್ಯವನ್ನು ಮುರಿದನು. ಆತನ ನಡೆಯುಡುಪುಗಳು ಸರಳ, ಗೆಳೆತನ ವಿಶಾಲ. ಆದರೆ ಆತನು ಜೀವಮಾನದಲ್ಲಿ ನೂರಾರು ಗುಲಾಮರ ಒಡೆಯನಾಗಿದ್ದನೆಂಬುದನ್ನು ಮರೆಮಾಚಿ ಹೊಗಳುವುದು ನಮ್ಮಿಂದಾಗದು.

ಕೊನೆಯ ದೊಡ್ಡ ಮೊಕದ್ದಮೆ 1832ರದು. ಚೆರೋಕಿ ಮೂಲನಿವಾಸಿಗಳ ನೆಲದಲ್ಲಿ ಪರವಾನಗಿ ಇಲ್ಲದೆ ವಾಸಿಸಿದನೆಂದು ಜಾರ್ಜಿಯಾ ಸಂಸ್ಥಾನವು ಸ್ಯಾಮ್ಯುಯಲ್ ವುರ್ಸ್ಟರ್ ಎಂಬ ಪಾದ್ರಿಯನ್ನು ಸೆರೆಗೆ ಹಾಕಿತ್ತು. ಆ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದೆಂದು ಮಾರ್ಷಲನು ತೀರ್ಪಿತ್ತನು. ಜಾರ್ಜಿಯಾ ಲಕ್ಷಿಸಲಿಲ್ಲ, ಅಧ್ಯಕ್ಷ ಜಾಕ್ಸನನು ಅದಕ್ಕಾಗಿ ಬೆರಳೆತ್ತಲಿಲ್ಲ. ಪಾದ್ರಿ ಹೊರಬಂದದ್ದು 1833ರ ಜನವರಿಯಲ್ಲಿ, ಗವರ್ನರನ ಕ್ಷಮಾದಾನದಿಂದ. ತೀರ್ಪು ಗ್ರಂಥದಲ್ಲಿ ಉಳಿಯಿತು.

34 ವರ್ಷ ಪೀಠದಲ್ಲಿದ್ದ ಮಾರ್ಷಲನು 1835ರ ಜುಲೈ 6ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡನು. ಮೂರು ವರ್ಷಗಳ ತರುವಾಯ ದಂಡು ಬಂದು ಚೆರೋಕಿಗಳನ್ನು ಮನೆಗಳಿಂದೆಬ್ಬಿಸಿ ಮಿಸಿಸಿಪ್ಪಿಯ ಆಚೆಗೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು.